ನಿಶ್ಚಯದಲ್ಲಿ ಹಾರಿದ ರಾಕೆಟ್ಟುಗಳು

ರಷ್ಯಾ, ಅಮೆರಿಕಗಳ ರಾಕೆಟ್ಟುಗಳಿಂದ ನನ್ನ ಮದುವೆ ಮುರಿಯುವುದು ಕೂದಲೆಳೆಯಲ್ಲಿ ತಪ್ಪಿತು. ನಿಶ್ಚಯಕ್ಕೆಂದು ಲಿಂಗಸುಗೂರಿನಿಂದ ಮಸ್ಕಿಗೆ ಹೋಗಿದ್ದೆವು. ಬೀಗರಿಬ್ಬರ ಬಾಯಿಗೆ ಸಕ್ಕರೆ ಬಿದ್ದರೆ ಸಂಬಂಧ ಗಟ್ಟಿ. ಆಮೇಲೆ ಮಾತು ತಪ್ಪುವಂತಿಲ್ಲ. ಹುಡುಗಿಯನ್ನು ಬಾಗಿಲ ಸಂದಿಯಿಂದ ಕಂಡ ನಾನು ಮನಸ್ಸಿನಲ್ಲೇ ಸಕ್ಕರೆ ತಿಂದಾಗಿತ್ತು. ಆದರೆ ಸಕ್ಕರೆ ಬರುವುದು ತಡವಾಗಿ, ಉರ್ದು ಅಖಬಾರು ಓದುವ ಬೀಗರಿಬ್ಬರ ಮಾತು ಆಗ ನಡೆದಿದ್ದ ಎರಡನೇ ಮಹಾಯುದ್ಧಕ್ಕೆ ತಿರುಗಿತು.

ಅಪ್ಪ ತಟ್ಟೆಯ ಉತ್ತತ್ತಿಗಳನ್ನು ವೀಳ್ಯದೆಲೆಯ ಮೇಲೆ ಸಾಲಾಗಿ ಜೋಡಿಸಿದರು. "ರಷ್ಯಾದವ್ರು ಲಾರಿ ಮ್ಯಾಲೆ ಹಿಂಗ ರಾಕೆಟ್ ಇಡ್ತಾರ್ರೀ. ಎಲ್ಲಾ ಒಮ್ಮೆಲೇ ಹಾರಿಸಿ, ಲಾರಿ ಓಡಿಸ್ಕೊಂಡು ಪಾರಾಗ್ತಾರ."

ಹುಡುಗಿಯ ಅಪ್ಪ ತೆಂಗಿನಕಾಯಿಯ ಮೇಲೆ ಬಾಳೆಹಣ್ಣು ಏರಿಸಿದರು. "ಅಮೆರಿಕಾದವ್ರು ಟ್ಯಾಂಕಿನ ತಲಿ ಮ್ಯಾಲೇ ಇಡ್ತಾರ. ಗುಂಡು ಬಿದ್ರೂ ಜಗ್ಗಂಗಿಲ್ಲ. ಓಡೋದೇನು ಬಹಾದ್ದೂರಿರೀ?"

"ಓಡಾಕ ಬರದವ್ರು ನಿಂತು ಹೊಡಿಸ್ಕೋತಾರ!"

"ಓಡಿಹೋಗೋರ ಮನಿಗೆ ಹೆಣ್ಣು ಕೊಡಬೇಕೋ ಬ್ಯಾಡೋ, ವಿಚಾರ ಮಾಡಬೇಕು!"

ಅಪ್ಪ ಹೊರಟೇಬಿಡಲೆಂದು ತಲೆಗೆ ಸುತ್ತುವ ರುಮಾಲು ಕೈಗೆತ್ತಿಕೊಂಡರು. ಅಷ್ಟರಲ್ಲಿ ಹುಡುಗಿಯ ಅಜ್ಜಿ ಬಂದವರೇ ತೆರೆದಿದ್ದ ಎರಡೂ ಬಾಯಿಗೆ ಮುಷ್ಟಿ ಮುಷ್ಟಿ ಸಕ್ಕರೆ ತುರುಕಿದರು.

"ಸಂಬಂಧ ಗಟ್ಟಿ ಆತು. ಇನ್ನ ಉಗುಳಿದ್ರ ನೋಡ್ರಿ!"

ಮಹಾಶಕ್ತಿಗಳೆರಡೂ ಕೆಮ್ಮುತ್ತಾ ಶರಣಾದವು. ಲೋಕಶಾಂತಿಯ ಸಲುವಾಗಿ ನಾನೂ ಒಂದು ರಷ್ಯಾದ ರಾಕೆಟ್ಟನ್ನು ಬಾಯಿಗೆ ಹಾಕಿಕೊಂಡೆ.