ಗುಲಾಬಬಿಯ ಲಾರಿ ಮನುಷ್ಯ

ಬೆಳಗಿನ ನಮಾಜು ಮುಗಿದು, ಒಲೆಗೆ ಚಹಾದ ಪಾತ್ರೆ ಏರುವ ಮುಂಚೆ ಗುಲಾಬಬಿ ಒಂದು ಕೆಲಸ ಮಾಡುತ್ತಿದ್ದಳು. ಅಂಗಡಿಯ ಹಿಂದಿನ ಹಲಗೆಯಿಂದ ಕೆಂಪು ಬಣ್ಣದ ಒಂದು ಆಟಿಗೆಯ ಲಾರಿಯನ್ನು ಇಳಿಸಿ, ಸೆರಗಿನಿಂದ ಒರೆಸಿ, ತಗಡು ಬಡಿಯುವ ಅಡಿಗಲ್ಲಿನ ಮೇಲೆ ಇಡುವಳು. ಹಿಂಭಾಗವನ್ನು ಸೀಳಿ ಕೆಳಗೆ ಎಳೆದರೆ ಎರಡು ಕಾಲು. ಬದಿಯ ಬಾಗಿಲುಗಳನ್ನು ತಿರುಗಿಸಿದರೆ ಎರಡು ಕೈ. ಮೇಲಿನ ಮುಚ್ಚಳ ಸರಿಸಿದರೆ ತಲೆ. ಲಾರಿ ಹೋಗಿ ಗೇಣುದ್ದದ ಮನುಷ್ಯನಾಗುತ್ತಿತ್ತು. ಅವನು ಕಲ್ಲಿನ ಮೇಲೆ ಅಲುಗದೆ ನಿಂತನೆಂದರೆ "ಹೂಂ" ಎಂದು, ಮತ್ತೆ ಮಡಚಿ ಲಾರಿ ಮಾಡಿ ಹಲಗೆಗೆ ಸೇರಿಸುವಳು. ಜ್ವರ ಬಂದ ದಿನವೂ ಇದನ್ನು ಬಿಟ್ಟವಳಲ್ಲ. ಗಂಡ ಜಹಾಂಗೀರಸಾಬ ತೀರಿಕೊಂಡಾಗ, ಮೂರನೆಯ ದಿನದ ಜಿಯಾರತಿಗೆ ಜನ ಸೇರುವ ಮುಂಚೆ ಮನೆಯವರ ಕಣ್ಣು ತಪ್ಪಿಸಿ ಇದನ್ನು ಮಾಡಿಯೇ ಹೊರಗೆ ಬಂದಿದ್ದಳು.

ಲಕ್ಷ್ಮೇಶ್ವರದ ಬಜಾರದಲ್ಲಿ ಇದು ಗುಟ್ಟಿನ ಸಂಗತಿಯೇನಲ್ಲ. ಎದುರಿನ ಅರಿವೆ ಅಂಗಡಿಯ ವಿರೂಪಾಕ್ಷಪ್ಪ ಕದ ತೆಗೆಯುತ್ತಲೇ ಕೂಗಿ ಕೇಳುವನು.

"ಏನ್ ಗುಲಾಬವ್ವ, ನಿನ್ನ ಮನಷ್ಯಾ ಇವತ್ತ ಎದ್ದನೋ, ಇನ್ನೂ ಮಲಗ್ಯಾನೋ?"

"ಎದ್ದಾನ್ರಿ ಸಾವ್ಕಾರ್ರ. ನಿಮಗಿಂತ ಮೊದಲ ಎದ್ದಾನ."

ಅವಳದು ಟ್ರಂಕಿನ ಅಂಗಡಿ. ಗಂಡ ತಗಡು ಕತ್ತರಿಸಿ ಮಡಚುತ್ತಿದ್ದ. ಮುಚ್ಚಳ ತೆರೆದು ಮುಚ್ಚಲು ಬಿಜಾಗರಿ ಕೂಡಿಸುವುದು, ಚಿಲಕ ಜಡಿಯುವುದು, ಗುಲಾಬಿ ಹೂ ಗಿಳಿ ಬರೆಯುವುದು ಇವಳ ಪಾಲು. ಮಕ್ಕಳಿರಲಿಲ್ಲ. ಆ ಮಾತು ಅವರಿಬ್ಬರ ನಡುವೆ ಯಾವಾಗಲೋ ಮುಗಿದುಹೋಗಿತ್ತು.

ಲಾರಿ ಬಂದದ್ದು ಎಂಬತ್ತೈದರಲ್ಲಿ. ಜಹಾಂಗೀರಸಾಬನ ತಮ್ಮ ಮಾಶಾಕ ಮುಂಬೈಗೆ ಉಳ್ಳಾಗಡ್ಡಿ ಲಾರಿ ಹೊಡೆಯುವ ಡ್ರೈವರ. ಬಂದರದ ಹತ್ತಿರ ರಸ್ತೆಯ ಬದಿಗೆ ದುಬೈ ಮಾಲು ಹರವಿಕೊಂಡು ಕೂತವನೊಬ್ಬ, ಒಂದು ಮಂಡಿ ಸಡಿಲಾಗಿದೆಯೆಂದು ಅದನ್ನು ಸೋವಿಯಲ್ಲಿ ಕೊಟ್ಟಿದ್ದ. ಲಾರಿ ನಡೆಸುವವನಿಗೆ ಲಾರಿಯೇ ಎದ್ದು ನಿಲ್ಲುವುದನ್ನು ನೋಡಿ ನಗು ತಡೆದಿರಲಿಲ್ಲ. ಅಣ್ಣನ ಮುಂದೆ ತಂದು ಒಗೆದ. ಜಹಾಂಗೀರಸಾಬ ನಗಲಿಲ್ಲ. ಎರಡು ದಿನ ಅದನ್ನು ತಿರುವಿ ಮುರುವಿ ನೋಡಿ, ಮಂಡಿಯೊಳಗಿನ ಸವೆದ ಕಡ್ಡಿಯನ್ನು ತೆಗೆದು, ಟ್ರಂಕಿನ ಬಿಜಾಗರಿಗೆ ಹಾಕುವ ಹಿತ್ತಾಳೆಯ ಕಡ್ಡಿಯನ್ನು ಅರದಿಂದ ಸಣ್ಣಗೆ ಮಾಡಿ ಕೂಡಿಸಿದ. ಕಡ್ಡಿಯ ತಲೆಯನ್ನು ಚಪ್ಪಟೆ ಬಡಿದವಳು ಗುಲಾಬಬಿ.

ಅಲ್ಲಿಂದ ಹುಚ್ಚು ಹತ್ತಿತು. ಮಾಶಾಕ ಮುಂಬೈಯಿಂದ ಬಂದಾಗಲೆಲ್ಲ ಒಂದೊಂದು ತಂದ. ವಿಮಾನವಾಗುವವನು ಬಂದ, ಟೇಪ್‌ರೆಕಾರ್ಡರ್ ಆಗುವವನು ಬಂದ, ಪಿಸ್ತೂಲಾಗುವವನೂ ಬಂದ. ಸಂಜೆ ಕೆಲಸ ಮುಗಿದ ಮೇಲೆ ಗಂಡ ಹೆಂಡತಿ ಚಹಾ ಕುಡಿಯುತ್ತ ಅವುಗಳ ಪರೀಕ್ಷೆಗೆ ಕೂಡುವರು. ಅಂಗೈಯಲ್ಲಿ ತೂಗುವರು. ಎರಡು ಭಾಗ ಕೂಡುವ ಗೆರೆಯ ಮೇಲೆ ಉಗುರು ಆಡಿಸುವರು. ಪ್ಲಾಸ್ಟಿಕ್ ಆದರೆ ಬಾಗುವಲ್ಲಿ ಬೆಳ್ಳಗಾಗಿದೆಯೇ ಎಂದು ಬೆಳಕಿಗೆ ಹಿಡಿಯುವರು.

"ಮೊದಲ ಮುಚ್ಚಿ ನೋಡು," ಎಂದು ಜಹಾಂಗೀರಸಾಬ ಹೇಳುವನು. "ತೆರದಾಗ ಎಲ್ಲಾ ಚಂದ ಕಾಣತಾವ. ಮುಚ್ಚಿದಾಗ ಸಂದಿನ್ಯಾಗ ಉಗರ ಹೋತಂದ್ರ ಮಾಲು ಖೋಟಾ." ಟ್ರಂಕಿಗೂ ಅವನದು ಅದೇ ಕಾನೂನು.

"ಈ ವಿಮಾನದಾಂವ ಮುಚ್ಚಿದಾಗ ಛಲೋ ಅದಾನ್ರಿ. ಎದ್ದ ನಿಂತ್ರ ಕುಡದಾವ್ರಂಗ ವಾಲತಾನ."

"ನನ್ನ ತಮ್ಮ ಆರಿಸ್ಯಾನಲ್ಲ. ತನ್ನಂಥಾವನ್ನ ನೋಡೇ ತಂದಾನ."

ಎಷ್ಟು ಬಂದರೂ ಕೆಂಪು ಲಾರಿಯನ್ನು ಮೀರಿಸುವುದು ಬರಲಿಲ್ಲ. ಅದರ ಮೈ ಅರ್ಧ ಎರಕದ ಲೋಹ, ಪಾದ ಅಗಲ, ಮಂಡಿ ಇವರದೇ ಕೈಯದು. ಮುಚ್ಚಿದರೆ ಉಗುರಲ್ಲ, ಕೂದಲೂ ಹೋಗದು.

ಎಂಬತ್ತೇಳರ ಚಳಿಗಾಲದಲ್ಲಿ ದಮ್ಮು ಹೆಚ್ಚಾಗಿ ಜಹಾಂಗೀರಸಾಬ ಹೋದ. ಟ್ರಂಕಿನ ವ್ಯಾಪಾರ ಅವನಿಗಿಂತ ಮೊದಲೇ ಮಂಚ ಹಿಡಿದಿತ್ತು. ಮುಂಡರಗಿ, ಗದಗಿನ ಕಡೆಯ ಮದುವೆಗೆ ಜೋಡಿ ಟ್ರಂಕು ಒಯ್ಯುತ್ತಿದ್ದವರು ಈಗ ಕಬ್ಬಿಣದ ಟಿಜೂರಿ ಕಪಾಟು, ರೆಕ್ಸಿನ್ ಸೂಟ್‌ಕೇಸು ಒಯ್ಯತೊಡಗಿದ್ದರು. ಗುಲಾಬಬಿಗೆ ಉಳಿದದ್ದು ಮುರಿದ ಚಿಲಕ, ತುಕ್ಕು ಹಿಡಿದ ತಳ. ಅವಳ ದಣಿವು ಒಂದು ರಾತ್ರಿ ಮಲಗಿ ಎದ್ದರೆ ಹೋಗುವಂಥದಾಗಿರಲಿಲ್ಲ. ಗಿರಾಕಿ ಬಂದರೆ ಏಳಬೇಕಲ್ಲ ಎಂಬ ಬೇಸರ, ಬರದಿದ್ದರೆ ಕೂತೇ ಇರಬೇಕಲ್ಲ ಎಂಬ ಬೇಸರ. ಮುಂಜಾನೆ ಆ ಕೆಂಪು ಮನುಷ್ಯ ನೆಟ್ಟಗೆ ನಿಂತಾಗ ಮಾತ್ರ, ಪಕ್ಕದಲ್ಲಿ ಯಾರೋ "ಹೂಂ, ಖರೆ ಐತಿ" ಎಂದಂತಾಗುತ್ತಿತ್ತು.

ಸಂತೆಯ ದಿನ ಅವಳ ಅಂಗಡಿಯ ಕಟ್ಟೆಯ ನೆರಳಿಗೆ ಶಿರಹಟ್ಟಿಯ ಹನಮಂತವ್ವ ಪಲ್ಲೆದ ಬುಟ್ಟಿ ಇಳಿಸುತ್ತಿದ್ದಳು. ಒಂದು ಬಗಲಲ್ಲಿ ಬುಟ್ಟಿ, ಇನ್ನೊಂದು ಬಗಲಲ್ಲಿ ಆರೇಳು ವರ್ಷದ ಮಗಳು ಗದಿಗೆವ್ವ. ಕೂಸಿದ್ದಾಗ ಬಂದ ಜ್ವರದಲ್ಲಿ ಹುಡುಗಿಯ ಬಲಗಾಲು ಸೋತು, ಒಣಗಿದ ಬಳ್ಳಿಯ ಹಾಗೆ ಜೋತಾಡುತ್ತಿತ್ತು. ತಾಯಿ ಮೆಂತೆ ಮಾರುವಷ್ಟು ಹೊತ್ತು ಹುಡುಗಿ ಅಂಗಡಿಯೊಳಗೆ ಗೋಡೆಗೆ ಆತು ಕೂಡುತ್ತಿದ್ದಳು. ಗುಲಾಬಬಿ ಆಟಿಗೆಗಳನ್ನು ಯಾರ ಕೈಗೂ ಕೊಡುವವಳಲ್ಲ. ಆದರೆ ಇವಳಿಗಾಗಿ ಹಗಲಿನಲ್ಲಿ ಇನ್ನೊಮ್ಮೆ ಕೆಂಪು ಲಾರಿ ಇಳಿಯುತ್ತಿತ್ತು. ಅದು ಎದ್ದು ನಿಂತಾಗಲೆಲ್ಲ ಗದಿಗೆವ್ವ ಉಸಿರು ಹಿಡಿದು ನೋಡಿ, ಆಮೇಲೆ ನಗುವಳು.

ಒಂದು ದಿನ ಸಂತೆಯಿಲ್ಲದಿದ್ದರೂ ಹನಮಂತವ್ವ ಬಂದಳು. ಬಗಲಲ್ಲಿ ಬುಟ್ಟಿಯೂ ಇಲ್ಲ, ಮಗಳೂ ಇಲ್ಲ. ಮಗಳು ಪಕ್ಕದಲ್ಲಿ ನಡೆದು ಬರುತ್ತಿದ್ದಳು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ದಪ್ಪ ಬೂಟು ಹಾಕಿ ಕಳಿಸಿದ್ದರು. ಹೆಜ್ಜೆಗೊಮ್ಮೆ ಖಟ್ ಎನ್ನುತ್ತಿತ್ತು.

"ಯಾ ಅಲ್ಲಾ!" ಎಂದು ಗುಲಾಬಬಿ ಎದ್ದೇಬಿಟ್ಟಳು. ಹುಡುಗಿಯ ಮುಂದೆ ಮೊಣಕಾಲೂರಿ ಕೂತು ಪಟ್ಟಿಯನ್ನು ಕೈಯಾಡಿಸಿ ನೋಡಿದಳು. ಮಂಡಿಯ ಹತ್ತಿರ ಬಿಜಾಗರಿ. ಅದರ ಮೇಲೊಂದು ಬಳೆ. ನಿಂತಾಗ ಬಳೆ ಕೆಳಗಿಳಿದು ಕಾಲನ್ನು ನೆಟ್ಟಗೆ ಹಿಡಿಯುತ್ತದೆ, ಕೂಡುವಾಗ ಮೇಲೆತ್ತಬೇಕು. ಅವಳು ಎರಡು ಸಲ ಎತ್ತಿ ಬಿಟ್ಟಳು.

"ಛಲೋ ಕೆಲಸ. ಮಾಡಿದಾಂವ ಕಳ್ಳಬಿದ್ದಿಲ್ಲ. ವಾರಕ್ಕೊಮ್ಮಿ ಒಂದ ಹನಿ ಎಣ್ಣಿ ಬಿಡ ಹನಮಂತವ್ವ."

ಹನಮಂತವ್ವ ನಗಲಿಲ್ಲ. "ಗುಲಾಬಕ್ಕಾ, ಒಂದ ಮಾತ ಹೇಳೂದೈತಿ. ಬೈಬ್ಯಾಡ."

"ಬೈಯೂದು ಬಿಡೂದು ಕೇಳಿದ ಮ್ಯಾಲ ನೋಡೂಣು. ಹೇಳು."

ಊರ ಹೊರಗೆ ಒಂದು ಹಳೆಯ ಬಾವಿ, ಅದರ ಮಗ್ಗುಲಿಗೆ ಜನ ಬಾವಿಪೀರನೆಂದು ಕರೆಯುವ ಸಂತನ ಸಣ್ಣ ದರ್ಗಾ ಇತ್ತು. ಗುರುವಾರ ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಹೋಗುವರು. ಅಲ್ಲಿ ಹರಕೆಯನ್ನು ಮನಸ್ಸಿನಲ್ಲಿ ಹೊರುವಂತಿಲ್ಲ. ದರ್ಗಾ ನೋಡಿಕೊಳ್ಳುವ ಮುಜಾವರನ ಮುಂದೆ ಏನು ಕೊಡುತ್ತೇನೆಂಬುದನ್ನು ಹೆಸರಿಟ್ಟು ಗಟ್ಟಿಯಾಗಿ ಹೇಳಬೇಕು. ಅವನು ಸಕ್ಕರೆಯ ಮೇಲೆ ಪ್ರಾರ್ಥನೆಯ ಓದಿಕೆ ಮಾಡಿ ಹೇಳಿದವರ ನಾಲಗೆಗೆ ಹಾಕುತ್ತಾನೆ. ಸಕ್ಕರೆ ಕರಗಿದ ಮೇಲೆ ಹೇಳಿದ್ದನ್ನು ಬದಲಿಸಲು ಬರುವುದಿಲ್ಲ.

"ಹ್ವಾದ ವರ್ಷ ಹೋಗಿದ್ನಿ," ಎಂದಳು ಹನಮಂತವ್ವ. "ಬೆಳ್ಳಿ ಕಾಲ ಕೊಡತೀನಿ ಅನ್ನಬೇಕಂತ ಹೋಗಿದ್ನಿ. ಅಲ್ಲಿ ನೋಡಿದ್ರ ಬೆಳ್ಳಿ ಕಾಲು ತಾಟಿನ್ಯಾಗ ಬಿದ್ದಾವ. ಅವು ನಿಂದ್ರೂದಿಲ್ಲಲ್ಲಕ್ಕಾ. ನನಗ ನಿಂತದ್ದ ಬೇಕಾಗಿತ್ತು. ಬಾಯಾಗ ಅದ ಬಂದಬಿಡ್ತು."

"ಏನ್ ಬಂತು?"

"ನನ್ನ ಮಗಳು ಎದ್ದ ನಿಂತ್ರ, ಗುಲಾಬಕ್ಕನ ಲಾರಿ ಮನಷ್ಯಾನ್ನ ತಂದ ನಿಂದರಸ್ತೀನಿ ಅಂತ."

ಗುಲಾಬಬಿ ಹುಡುಗಿಯ ಪಟ್ಟಿಯಿಂದ ಕೈ ತೆಗೆದು ಎದ್ದಳು. ಆಮೇಲೆ, "ಅತ್ತಿ ಬದುಕು ಅಳಿಯ ದಾನಾ ಮಾಡಿದ್ನಂತ," ಎಂದಳು. "ನನ್ನ ಒಂದ ಮಾತ ಕೇಳಬೇಕ ಅನಸಲಿಲ್ಲೇನ ನಿನಗ?"

"ಖರೇನ ನಿಂದ್ರತಾಳಂತ ಯಾರಿಗಿ ಗೊತ್ತಿತ್ತಕ್ಕಾ?"

ಹನಮಂತವ್ವ ಚೀಲದಿಂದ ಒಂದು ಹೊಸ ಆಟಿಗೆ ತೆಗೆದಳು. ಗದಗಿನ ಸ್ಟೇಶನ್ನಿನ ಹತ್ತಿರ ಕೊಂಡದ್ದು. ಅದೂ ಕೆಂಪು, ಅದೂ ಲಾರಿ. "ನಿಂದ ನಿನಗ ಇರಲಿ. ಇದನ್ನ ನೀ ಒಂದ ದಿನಾ ನಿನ್ನ ಹಲಗಿ ಮ್ಯಾಲ ಇಟಗೊಂಡ, ನಂದಂತ ಅಂದ ಕೊಡು. ಅಂದ್ರ ಗುಲಾಬಕ್ಕಂದ ಆದಂಗ ಆತಲ್ಲ? ಪೀರಗ ಸುಳ್ಳ ಹೇಳಿದಂಗೂ ಆಗೂದಿಲ್ಲ."

ಗುಲಾಬಬಿ ಅದನ್ನು ಅಂಗೈಯಲ್ಲಿ ತೂಗಿದಳು. ಒಳಗೆಲ್ಲ ಪೊಳ್ಳು. ಗೆರೆಯ ಮೇಲೆ ಉಗುರು ಒಳಗೇ ಹೋಯಿತು. ಕಾಲು ಎಳೆದು ಅಡಿಗಲ್ಲಿನ ಮೇಲೆ ನಿಲ್ಲಿಸಿದಳು. ನಿಂತಿತು, ಹುಡುಗಿ ಹೂಂ ಎನ್ನುವಷ್ಟರಲ್ಲಿ ಮಂಡಿ ಬಾಗಿ ಮಕಾಡೆ ಬಿತ್ತು.

"ಬಿಗಿ ಮಾಡಿ ಕೊಡತೀನಿ ತಡಿ," ಎಂದಳು. ಹಾಗೆ ಬಿಗಿಯಾಗಿಬಿಟ್ಟರೆ ತನ್ನದು ಉಳಿಯುತ್ತದೆಂಬ ಆಸೆ ಅವಳಿಗೂ ಇತ್ತು. ಹಿತ್ತಾಳೆಯ ಕಡ್ಡಿ ತೂರಿಸಿ, ಜೀವಮಾನವೆಲ್ಲ ಬಿಜಾಗರಿಗೆ ಬಡಿದಂತೆಯೇ ತಲೆಯ ಮೇಲೆ ಸುತ್ತಿಗೆಯಿಂದ ಬಡಿದಳು. ತಗಡು ಬಡಿದ ಕೈ ಅದು. ತಗಡು ಪೆಟ್ಟು ತಿಂದು ಕೂಡಿಕೊಳ್ಳುತ್ತದೆ, ಪ್ಲಾಸ್ಟಿಕ್ ಕೂಡಿಕೊಳ್ಳಲಿಲ್ಲ. ಚಟ್ಟೆಂದು ಮಂಡಿ ಎರಡಾಯಿತು.

ಗದಿಗೆವ್ವ ಮುರಿದ ಕಾಲನ್ನು ನೋಡಿದಳು. ತನ್ನ ಪಟ್ಟಿಯನ್ನು ನೋಡಿಕೊಂಡಳು.

"ಯವ್ವಾ, ನಂದೂ ಹಿಂಗ ಮುರೀತೈತೇನ?"

"ಇಲ್ಲಬೇ ನನ್ನವ್ವ," ಎಂದಳು ಗುಲಾಬಬಿಯೇ. "ಅದು ಸ್ಟೇಶನ್ ಮಾಲು. ನಿಂದು ಹುಬ್ಬಳ್ಳಿ ಕಬ್ಬಿಣ."

ಹನಮಂತವ್ವ ಮುರಿದ ಚೂರುಗಳನ್ನು ಸೆರಗಿಗೆ ತುಂಬಿಕೊಂಡಳು. ಅಳಲಿಲ್ಲ. ವರ್ಷಗಟ್ಟಲೆ ಹುಬ್ಬಳ್ಳಿಯ ಬಸ್ಸಿನಲ್ಲಿ ಮಗಳನ್ನು ಹೊತ್ತು ಹೋಗಿ ಬಂದವಳಿಗೆ ಅಳುವಷ್ಟೂ ತ್ರಾಣ ಉಳಿದಂತಿರಲಿಲ್ಲ. "ಹೋಗ್ತೀನಕ್ಕಾ," ಎಂದು ಮಗಳ ಕೈ ಹಿಡಿದು ಕಟ್ಟೆ ಇಳಿದಳು. ಖಟ್, ಖಟ್ ಎಂಬ ಸಪ್ಪಳ ಬಜಾರದ ತಿರುವಿನವರೆಗೆ ಕೇಳುತ್ತಿತ್ತು.

ಆ ವಾರ ಮಾಶಾಕ ಮುಂಬೈಯಿಂದ ಬಂದ. ಅತ್ತಿಗೆ ಹಲಗೆಯ ಮೇಲಿನವನ್ನೆಲ್ಲ ಕೆಳಗಿಳಿಸಿ, ಒಂದೊಂದನ್ನೇ ಎದ್ದು ನಿಲ್ಲಿಸಿ ನೋಡುತ್ತಿದ್ದಳು. ಟೇಪ್‌ರೆಕಾರ್ಡರಿನವನು ನಿಂತ, ಆದರೆ ಬಾಗಿಲು ಮುಚ್ಚಿದ ಗಾಳಿಗೇ ಬಿದ್ದ. ಪಿಸ್ತೂಲಿನವನಿಗೆ ಪಾದವೇ ಇರಲಿಲ್ಲ. ಸಂಗತಿ ಕೇಳಿ ಮಾಶಾಕ ಬಿದ್ದು ಬಿದ್ದು ನಕ್ಕ.

"ವಿಮಾನದಾವನ್ನ ಕೊಟ್ಟ ಕಳಿಸ್ರಿ ಭಾಭಿ. ಪೀರ ಏನ್ ನಂಬರ ಪ್ಲೇಟ ನೋಡ್ತಾನೇನ?"

"ಪೀರ ನೋಡೂದಿಲ್ಲೋ. ಆ ಹುಡಿಗಿ ನೋಡತೈತಿ."

"ಆದ್ರ ಆ ಕೆಂಪು ಲಾರಿ ಅಣ್ಣನ ಕೈದು ಐತಲ್ಲ ಭಾಭಿ." ಮಾಶಾಕನ ನಗೆ ನಿಂತಿತು. "ಅದನ್ನ ಕೊಟ್ಟ ನೀವು ಏನ್ ಮಾಡ್ತೀರಿ?"

"ಏನ್ ಮಾಡ್ತೀನಿ," ಎಂದಳು ಅವಳು, ಪ್ರಶ್ನೆಯೂ ಅಲ್ಲದ ಉತ್ತರವೂ ಅಲ್ಲದ ದನಿಯಲ್ಲಿ. ಅಂದು ಕೆಂಪು ಲಾರಿಯ ಮಂಡಿಯನ್ನು ಬಿಚ್ಚದೆಯೇ ಒಂದು ಹನಿ ಎಣ್ಣೆ ಬಿಟ್ಟಳು. ಹೆಬ್ಬೆರಳಿನಿಂದ ಹಿತ್ತಾಳೆಯ ತಲೆಯನ್ನು ಒತ್ತಿ ನೋಡಿದಳು. ತಾನು ಬಡಿದ ಗುರುತು ಇನ್ನೂ ಇತ್ತು. ಗಂಡನ ಅರದ ಗುರುತು ಒಳಗಿತ್ತು, ಅದು ಕಾಣುತ್ತಿರಲಿಲ್ಲ.

ಗುರುವಾರ ಹೊತ್ತು ಇಳಿಯುವಾಗ, ಗುಲಾಬಬಿ ಹೇಳಿ ಕಳಿಸಿದ ಪ್ರಕಾರ ಹನಮಂತವ್ವ ಮಗಳೊಡನೆ ಬಾವಿಪೀರನಲ್ಲಿಗೆ ಬಂದಿದ್ದಳು. ಗುಲಾಬಬಿಯ ಕೈಯಲ್ಲಿದ್ದುದನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಮುಜಾವರ ಯಮನೂರಸಾಬ ಮುದುಕ, ಗೊಣಗುತ್ತಲೇ ಬಂದ.

"ಗೊಂಬಿ ಒಳಗ ಬರಂಗಿಲ್ಲ ನೋಡ್ರಿ. ತೊಟ್ಲಾ ಕಟ್ತಾರಲ್ಲ, ಆ ಬೇವಿನ ಗಿಡದ ಕಟ್ಟಿ ಮ್ಯಾಲ ಇಡ್ರಿ. ಏನೇನ ಹರಕಿ ಹೊರತೀರವ್ವಾ ನೀವು!"

"ನಾಲಿಗಿ ಮ್ಯಾಲ ಸಕ್ಕರಿ ಇಟ್ಟಾವ್ರು ನೀವ ಅಲ್ರಿ ಅಜ್ಜಾ?" ಎಂದಳು ಹನಮಂತವ್ವ. ಮುದುಕನಿಗೂ ನಗು ಬಂತು.

ಲಾರಿಯನ್ನು ಹರಕೆಯವಳ ಕೈಗೆ ಕೊಡಬೇಕಾಗಿತ್ತು. ಹನಮಂತವ್ವನಿಗೆ ಮಡಿಕೆ ಬಿಡಿಸಲು ಬರಲಿಲ್ಲ. ಗದಿಗೆವ್ವ ತೆಗೆದುಕೊಂಡಳು. ಈ ತನಕ ಒಮ್ಮೆಯೂ ಮುಟ್ಟಿರದವಳು, ನೋಡಿ ನೋಡಿಯೇ ಕಲಿತಿದ್ದಳು. ಹಿಂಭಾಗ ಸೀಳಿದಳು, ಬಾಗಿಲು ತಿರುಗಿಸಿದಳು, ಮುಚ್ಚಳ ಸರಿಸಿದಳು. ಕಟ್ಟೆಯ ಮೇಲೆ, ಮರದ ತೊಟ್ಟಿಲುಗಳ ಕೆಳಗೆ, ಅವನು ನೆಟ್ಟಗೆ ನಿಂತ. ಅವನ ಎದುರು ಹುಡುಗಿಯೂ ಯಾರ ಕೈಯನ್ನೂ ಹಿಡಿಯದೆ ನಿಂತಳು. ಯಮನೂರಸಾಬ ಓದಿಕೆ ಮಾಡಿದ. ಗುಲಾಬಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಚಾಚಿ ಕಣ್ಣು ಮುಚ್ಚಿದಳು. ಬೇಡಲು ಅವಳಿಗೆ ಏನೂ ನೆನಪಾಗಲಿಲ್ಲ. ಆಮೀನ್ ಎಂದಷ್ಟೇ ಹೇಳಿದಳು.

ತಾಯಿ ಮಗಳು ಶಿರಹಟ್ಟಿಯ ಬಸ್ಸಿಗೆ ಹೋದರು. ಗುಲಾಬಬಿ ಕಾಲಿಗೆ ಚಪ್ಪಲಿ ಸೇರಿಸುವಾಗ ಯಮನೂರಸಾಬ ಹತ್ತಿರ ಬಂದು ದನಿ ತಗ್ಗಿಸಿದ. ಜಹಾಂಗೀರಸಾಬನನ್ನು ಅವನು ಚಿಕ್ಕಂದಿನಿಂದ ಬಲ್ಲವನು.

"ನೋಡವ್ವಾ, ಹರಕಿ ಮುಟ್ಟಿತು. ಒಳಗ ಬಂದ ಮಾಲಲ್ಲ ಇದು, ಹೊರಗಿಂದು. ಬಿಸಲಾಗ ಮಳ್ಯಾಗ ಹಾಳಾಗತೈತಿ, ಇಲ್ಲಾ ಯಾರರೆ ಹೊತಗೊಂಡ ಹೋಗತಾರ. ನಾಳೆ ಮುಂಜಾನಿ ನಾನ ಅರಿವ್ಯಾಗ ಕಟ್ಟಿ ನಿನ್ನ ಅಂಗಡಿಗಿ ಮುಟ್ಟಸ್ತೀನಿ. ಯಾರಿಗೂ ಖಬರ ಆಗೂದಿಲ್ಲ. ತಪ್ಪೂ ಇಲ್ಲ ಅದರಾಗ."

ಗುಲಾಬಬಿ ಕಟ್ಟೆಯ ಕಡೆ ನೋಡಿದಳು. ಕೈಯಳತೆಯಲ್ಲಿತ್ತು. ಮುದುಕ ಹೇಳಿದ್ದು ಸುಳ್ಳೂ ಆಗಿರಲಿಲ್ಲ.

"ಆಕಿ ಇನ್ನ ಗುರುವಾರಕ್ಕೊಮ್ಮಿ ಬರತಾಳ ಚಾಚಾ," ಎಂದಳು. "ಬಂದಕೀನ ಮೊದಲ ಇಲ್ಲಿ ನೋಡತಾಳ, ಆಮ್ಯಾಲ ಮಗಳ ಕಾಲ ನೋಡತಾಳ. ಇಲ್ಲಿ ಬರೇ ಕಟ್ಟಿ ಕಂಡ್ರ ಆ ಜೀವಕ್ಕ ಏನಾದೀತು?"

"ಕಳುವಾತು ಅಂತ ಹೇಳಿದ್ರಾತು."

"ಬ್ಯಾಡ್ರಿ."

"ನಿನ್ನ ಗಂಡನ ಕೈಕೆಲಸ ಐತಿ ಅದರಾಗ, ಹುಚ್ಚಿ. ನನಗ ಗೊತ್ತಿಲ್ಲೇನ?"

"ಐತ್ರಿ. ಅದಕ್ಕ ನಿಂತೈತಿ," ಎಂದಳು ಗುಲಾಬಬಿ. ನಡು ಹಿಡಿದುಕೊಂಡು ನೆಟ್ಟಗಾಗಿ ಚಪ್ಪಲಿ ಮೆಟ್ಟಿದಳು. "ಇರಲಿ ಬಿಡ್ರಿ ಚಾಚಾ. ನೀವು ತರಬ್ಯಾಡ್ರಿ, ನಾ ತಗೊಳ್ಳೂದಿಲ್ಲ."