ಹೆಬ್ಬೆರಳಿಗೆ ಮೆತ್ತಿದ ಗಂಧ

ಅರವತ್ತೊಂಬತ್ತನೇ ಇಸವಿಯ ಚಳಿಗಾಲ. ಸಾಗರದ ನಮ್ಮ ಮನೆಯಲ್ಲಿ ಆ ಬೆಳಿಗ್ಗೆಯೂ ಹಂಡೆಗೆ ಉರಿ ಹಾಕಿ, ಕಾಫಿ ಸೋಸಿ, ಮಗಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದೆ. ಆಮೇಲೆ ನೀರಿನ ಕೊಡದ ಪಕ್ಕದ ತಂಪಿನಲ್ಲಿಟ್ಟಿದ್ದ ಇಂಜೆಕ್ಷನ್ ಸೀಸೆಗಳನ್ನು ನೋಡಿದೆ. ಎರಡೇ ಉಳಿದಿದ್ದವು, ಮಧ್ಯಾಹ್ನಕ್ಕೊಂದು, ರಾತ್ರಿಗೊಂದು.

ನನ್ನ ಯಜಮಾನರು ಗಂಧದ ಕೆತ್ತನೆಯವರು. ಉಳಿ ಜಾರಿ ಬಲಗೈ ಹೆಬ್ಬೆರಳಿನ ಬುಡ ಸೀಳಿ, ಕೀವಾಗಿ, ಕೈ ಮೊಣಕೈವರೆಗೆ ಊದಿತ್ತು. ಪೆನಿಸಿಲಿನ್ ಕೊಟ್ಟರೆ ಮೈತುಂಬ ದದ್ದು. ಅದಕ್ಕೇ ಡಾಕ್ಟರು ಸೆಫಲೋರಿಡಿನ್ ಎಂಬ ಹೊಸ ಔಷಧಿಯನ್ನು ಶಿವಮೊಗ್ಗದ ಸ್ನೇಹಿತರಿಂದ ತರಿಸಿದ್ದರು.

"ನೋಡಮ್ಮ, ಈ ಕ್ರಿಮಿ ಬೆಳೀತಾ ತನ್ನ ಸುತ್ತ ಗೋಡೆ ಕಟ್ಕೊಳ್ಳತ್ತೆ. ಈ ಔಷಧಿ ಆ ಗೋಡೆ ಬೆಸೆಯೋಕೇ ಬಿಡಲ್ಲ. ಗೋಡೆ ಸಡಿಲಾಗಿ, ನೀರು ಒಳಗೆ ನುಗ್ಗಿ, ಕ್ರಿಮಿ ಒಡೆದು ಸಾಯತ್ತೆ. ರಕ್ತದಲ್ಲಿ ಔಷಧಿ ಕಮ್ಮಿಯಾದ್ರೆ ಮತ್ತೆ ಕಟ್ಟೋಕೆ ಶುರು ಮಾಡತ್ತೆ. ಹೊತ್ತು ತಪ್ಪಿಸಿದ್ರೆ ಬೆರಳು ತೆಗೀಬೇಕಾಗತ್ತೆ" ಎಂದಿದ್ದರು.

ಬಾವಿಕಟ್ಟೆಯಲ್ಲಿ ಬಟ್ಟೆ ಒಗೆದು ಒಳಗೆ ಬಂದರೆ ಮನೆಯೆಲ್ಲ ಗಂಧದ ಪರಿಮಳ. ಯಜಮಾನರ ಅಣ್ಣ, ನನ್ನ ಭಾವ, ತೇಯುವ ಕಲ್ಲಿನ ಮುಂದೆ ಕೂತಿದ್ದರು. ಸೀಸೆಗಳೆರಡೂ ಖಾಲಿ. ಔಷಧಿಯ ಪುಡಿಯನ್ನು ಗಂಧದಲ್ಲಿ ಕಲಸಿ ತಮ್ಮನ ಗಾಯಕ್ಕೆ ಗಟ್ಟಿಯಾಗಿ ಮೆತ್ತಿದ್ದರು. ಜ್ವರದ ಮಂಪರಿನಲ್ಲಿದ್ದ ಇವರಿಗೆ ಬೇಡವೆನ್ನುವ ಶಕ್ತಿಯೂ ಇರಲಿಲ್ಲ.

ಕೆತ್ತನೆಯಲ್ಲಿ ಬಿರುಕು ಕಂಡರೆ ಗಂಧದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುವುದು ಅಣ್ಣತಮ್ಮಂದಿರಿಬ್ಬರ ಕಸುಬಿನ ರೀತಿ. ಭಾವ ಹೆಮ್ಮೆಯಿಂದಲೇ ಹೇಳಿದರು: "ಗಾಯ ಇರೋದು ಕೈಯಲ್ಲಿ, ಸೊಂಟಕ್ಕೆ ಚುಚ್ಚಿದ್ರೆ ಎಂಥ ಬಂತು? ಬಿರುಕು ಇದ್ದಲ್ಲೇ ತುಂಬಬೇಕು."

ಹಿರಿಯರೆದುರು ದನಿ ಎತ್ತಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಆ ದಿನ ಅದೆಲ್ಲ ಎಲ್ಲಿ ಹೋಯಿತೋ!

"ಅದು ಮರ ಅಲ್ಲ ಭಾವ, ನಿಮ್ಮ ತಮ್ಮನ ಕೈ! ಇವರ ಹೆಬ್ಬೆರಳು ಹೋದ್ರೆ ಉಳಿ ನೀವು ಹಿಡಿಸ್ತೀರಾ?"

"ಇಂಗ್ಲಿಷ್ ಕಲ್ತವಳ ಬಾಯಿ ನೋಡು" ಎಂದು ಹೆಗಲಿನ ಟವೆಲ್ಲು ಕೊಡವಿ ಹೊರಟೇಹೋದರು. ಅವರ ಉಗುರಿನ ಸಂದಿಯಲ್ಲಿ ಔಷಧಿಯ ಪುಡಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಅದನ್ನು ಕಂಡು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೆಲಕ್ಕೆ ಅಪ್ಪಳಿಸಿದೆ.

ಓಡಿಹೋಗಿ ಡಾಕ್ಟರನ್ನು ಕರೆತಂದೆ. ಒಣಗಿದ ಗಂಧದ ಅಡಿಯಲ್ಲಿ ಕೀವು ಕಟ್ಟಿಕೊಂಡಿತ್ತು. ಅದನ್ನು ಬಿಡಿಸುವಾಗ ಇವರು ಹಲ್ಲು ಕಚ್ಚಿ ನನ್ನ ಸೆರಗು ಹಿಡಿದಿದ್ದರು. ಡಾಕ್ಟರು ಶಿವಮೊಗ್ಗಕ್ಕೆ ಫೋನು ಮಾಡಿದರು. ಮಧ್ಯಾಹ್ನದ ಇಂಜೆಕ್ಷನ್ ತಪ್ಪಿಯೇ ಹೋಯಿತು. ಸಂಜೆಯ ಬಸ್ಸಿನಲ್ಲಿ ಬಂದ ಸೀಸೆಯಿಂದ ಇಂಜೆಕ್ಷನ್ ಕೊಟ್ಟಾಗ ದೀಪ ಹಚ್ಚುವ ಹೊತ್ತು.

ಹೆಬ್ಬೆರಳು ಉಳಿಯಿತು, ಆದರೆ ಮತ್ತೆಂದೂ ಬಾಗಲಿಲ್ಲ. ಸಣ್ಣ ಕೆತ್ತನೆಗೆ ಇವರು ಮತ್ತೆ ಕೂರಲಿಲ್ಲ. ಒಳ್ಳೆಯದಕ್ಕೇ ಮಾಡಿದ್ದಲ್ಲವೇ ಎಂದು ಎಲ್ಲರೂ ಭಾವನ ಪರ ಹೇಳಿದರು. ನನ್ನ ಸಿಟ್ಟು ಮಾತ್ರ ಇಂದಿಗೂ ಆರಿಲ್ಲ.

ಆ ಸಂಜೆ ತೇಯುವ ಕಲ್ಲನ್ನು ಹಿತ್ತಿಲಲ್ಲಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಸರಸಮ್ಮ ಮೂಗರಳಿಸಿ ಕೇಳಿದರು:

"ಎಂಥ ಘಮಘಮ ಮಾರಾಯ್ತಿ ನಿಮ್ಮನೇಲಿ! ಏನು ಪೂಜೆ ಇತ್ತು ಇವತ್ತು?"