ಕರಿ ಅಂಚಿನ ಕಾರ್ಡು

ಒಂದು ಗಾಡಿಯ ರೋಗ ಕಂಡರೆ ಮುಕ್ತಾರನಿಗೆ ಅದರ ಒಡಹುಟ್ಟಿದವರೆಲ್ಲ ನೆನಪಾಗುತ್ತಿದ್ದರು. ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆಗೆ ಮುಖ ಮಾಡಿದ್ದ ಅವನ ಶೆಡ್ಡಿನ ಗೋಡೆ ತುಂಬ ಪೇಂಟಿನಲ್ಲಿ ಬರೆದ ಸಾಲುಗಳು: ಗಾಡಿಯ ನಂಬರು, ಇಸವಿ, ಯಜಮಾನರ ಊರು. ಎಲ್ಲವೂ ಮಯೂರಿ ಕಾರುಗಳು. ಸಂಸಾರಸ್ಥರ ಕಾರು ಅಂತಲೇ ಆಗ ಅದಕ್ಕೆ ಹೆಸರು.

ಯಶವಂತಪುರದ ಶಾಲೆಯ ಮೇಷ್ಟ್ರು ಪಂಚಪ್ಪ ಸಂಜೆಯ ಚಹಾಕ್ಕೆ ಅಲ್ಲಿಗೇ ಬರುತ್ತಿದ್ದ. ಎಪ್ಪತ್ತೆಂಟರ ಶ್ರಾವಣದಲ್ಲಿ ಒಂದು ದಿನ ಚಹಾ ಕೊಡುವ ಮೊದಲೇ ಮುಕ್ತಾರ್ ಅವನನ್ನು ಒಂದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದ.

"ನೋಡಿ ಮೇಷ್ಟ್ರೇ. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಈ ರಬ್ಬರ್ ಪೈಪು ಚಕ್ರಕ್ಕೆ ಉಜ್ಜತ್ತೆ. ಬ್ರೇಕ್ ಆಯಿಲ್ ಹೋಗೋ ಪೈಪು. ಒಂದಿನ ಹರಿಯತ್ತೆ. ಹರಿದ್ರೆ ಬ್ರೇಕಿಲ್ಲ."

"ಇದೊಂದಕ್ಕೆ ಹಂಗಾಗಿರಬಹುದು ಕಣೋ."

"ಈ ತಿಂಗಳು ಇದು ಮೂರನೇದು. ಮೂರೂ ಎಪ್ಪತ್ತಾರನೇ ಇಸವೀವು. ತಪ್ಪು ಗಾಡೀದಲ್ಲ, ಇಸವೀದು."

ಗೋಡೆಯ ಮೇಲೆ ಆ ಇಸವಿಯವು ಇನ್ನೂ ಹದಿನೇಳಿದ್ದವು. ಇಬ್ಬರೂ ಕಾರು ಮಾರಿದ ಏಜೆಂಟನ ಬಳಿ ಹೋದರು. ಬಿಚ್ಚಿ ತಂದಿದ್ದ ಸವೆದ ಪೈಪನ್ನು ಆತ ಮುಟ್ಟಲೂ ಇಲ್ಲ. "ಸಾಬ್ರೇ, ಮಾರಿದ ಗಾಡೀನ ವಾಪಸ್ ಕರೆಯೋಕೆ ಅದೇನು ತವರಿಗೆ ಬರೋ ಮಗಳಾ?" ಅಂತ ನಕ್ಕ.

ಶೆಡ್ಡಿಗೆ ಬಂದ ಮೇಲೆ ಮುಕ್ತಾರ್ ಹೇಳಿದ: "ಮಗಳೇ ಅಂತ ಇಟ್ಕೊಳ್ಳಿ. ತೊಂದ್ರೆ ಇದ್ರೆ ಕರೀಬೇಕಲ್ವಾ? ಹದಿನೇಳು ಮಂದಿಗೂ ಪೋಸ್ಟ್ ಕಾರ್ಡ್ ಹಾಕ್ತೀನಿ. ಏನು ಬರೀಬೇಕು ಹೇಳಿಕೊಡಿ."

ಪಂಚಪ್ಪ ಒಂದು ಹಾಳೆಯ ಮೇಲೆ ದುಂಡಗೆ ಬರೆದುಕೊಟ್ಟ: ಗಾಡಿ ತೆಗೆಯಬೇಡಿ. ಬಸ್ಸಿನಲ್ಲಿ ಬಂದು ತಿಳಿಸಿ. ನಾನೇ ಬಂದು ಸರಿಮಾಡಿಕೊಡುತ್ತೇನೆ. ಉಳಿದ ಕಾರ್ಡುಗಳನ್ನೂ ತಾನೇ ಬರೆಯುತ್ತೇನೆ ಎಂದರೆ ಮುಕ್ತಾರ್ ಒಪ್ಪಲಿಲ್ಲ. ಮಾತು ತನ್ನದಾದರೆ ಅಕ್ಷರವೂ ತನ್ನದೇ ಇರಬೇಕು. ಕೆಲಸದ ನಡುನಡುವೆ ಸ್ಪ್ಯಾನರ್ ಕೆಳಗಿಟ್ಟು ಎರಡು ದಿನ ಕೂತು ಹದಿನೇಳನ್ನೂ ನಕಲು ಮಾಡಿದ. ಅಂಚೆ ಡಬ್ಬಕ್ಕೆ ಹಾಕಿದ ಮೇಲೆ ನಿದ್ದೆಯೂ ಸರಿಯಾಗಿ ಬರಲಿಲ್ಲ. ಹದಿನೇಳರಲ್ಲಿ ಯಾವ ಪೈಪು ಮೊದಲು ಹರಿಯುತ್ತದೋ, ಅದಕ್ಕಿಂತ ಮುಂಚೆ ಕಾರ್ಡು ತಲುಪುತ್ತದೋ ಇಲ್ಲವೋ.

ಮೂರನೆಯ ದಿನ ಕೊಡಿಗೇಹಳ್ಳಿಯ ವೆಂಕಟಲಕ್ಷ್ಮಮ್ಮ ತಲೆಸ್ನಾನದ ಒದ್ದೆ ಕೂದಲಲ್ಲೇ ಅಳುತ್ತ ಬಂದರು. ಹಿಂದೆ ಅವರ ಗಂಡ ಚಿಕ್ಕಬೈರಪ್ಪ.

"ಯಾರು ಹೋದ್ರಪ್ಪಾ ಮುಕ್ತಾರಣ್ಣ?"

"ಯಾರೂ ಹೋಗಿಲ್ವಲ್ಲಮ್ಮ!"

ಚಿಕ್ಕಬೈರಪ್ಪ ಜೇಬಿನಿಂದ ಕಾರ್ಡು ತೆಗೆದು ಮುಖಕ್ಕೇ ಹಿಡಿದ. ಅಂಚಿನುದ್ದಕ್ಕೂ ಮುಕ್ತಾರನ ಬೆರಳುಗಳ ಗ್ರೀಸು, ಕಪ್ಪಗೆ. ಸಾವಿನ ಸುದ್ದಿಯ ಕಾಗದಕ್ಕೆ ಅಂಚಿಗೆ ಕಪ್ಪು ಹಚ್ಚುತ್ತಾರೆಂದು ಮುಕ್ತಾರನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಕಾರ್ಡಿನ ಒಕ್ಕಣೆ ಓದಿರಲಿಲ್ಲ. ಯಾರ ಸುದ್ದಿಯೆಂದು ಹೆದರಿ, ಕಳಿಸಿದವನ ಹೆಸರು ಮಾತ್ರ ನೋಡಿ, ಗಾಡಿ ಓಡಿಸುವ ಅಳಿಯನನ್ನು ಬಾಣಂತಿಯ ಬಳಿ ಬಿಟ್ಟು ಬಸ್ಸು ಹತ್ತಿ ಓಡಿ ಬಂದಿದ್ದರು.

"ಮಗಳು ಬಾಣಂತಿ, ಮೊಮ್ಮಗು, ಎಲ್ಲಾರೂ ನಂದಿಬೆಟ್ಟಕ್ಕೆ ಒಂಟಿದ್ವಿ ಕಣಯ್ಯ! ಗಾಡಿ ಏರೋವಾಗ ಬಂತು ನಿನ್ ಕರಿ ಕಾಗದ. ಇಂಗೆಲ್ಲ ಆಟ ಆಡ್ತಾರಾ?" ಎಂದು ಚಿಕ್ಕಬೈರಪ್ಪ ಗದರಿದ.

ಮುಕ್ತಾರ್ ಸೈಕಲ್ಲಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಕೊಡಿಗೇಹಳ್ಳಿಗೆ ಹೋದ. ಬೇವಿನ ಮರದಡಿ ನಿಂತಿದ್ದ ಕಾರಿನಲ್ಲಿ ಕೂತು ಬ್ರೇಕನ್ನು ಜೋರಾಗಿ ಒತ್ತಿದ. ಚಕ್ರದ ಹತ್ತಿರ ಎಣ್ಣೆ ಚಿಮ್ಮಿ ಮಣ್ಣಿಗೆ ಬಿತ್ತು. ಎರಡನೇ ಸಲ ಒತ್ತಿದರೆ ಪೆಡಲು ನೆಲಕ್ಕೆ ಹೋಯಿತು. ಚಿಕ್ಕಬೈರಪ್ಪ ಒಮ್ಮೆ ಮಣ್ಣಿಗೆ ಬಿದ್ದ ಎಣ್ಣೆಯನ್ನೂ ಒಮ್ಮೆ ನಂದಿಬೆಟ್ಟದ ದಿಕ್ಕನ್ನೂ ನೋಡಿದ. ವೆಂಕಟಲಕ್ಷ್ಮಮ್ಮ ಕೂಸನ್ನು ತಂದು ಮುಕ್ತಾರನ ಕೈಗೆ ಕೊಟ್ಟರು. ಅವನು ಗ್ರೀಸಿನ ಕೈಗಳನ್ನು ದೂರ ಚಾಚಿ, ಮೊಣಕೈಗಳ ಮೇಲೆ ಅದನ್ನು ತೆಗೆದುಕೊಂಡ.

ಆ ವಾರ ಉಳಿದವರೂ ಬೈದುಕೊಂಡೇ ಬಂದರು. ಆದರೆ ಹದಿನೇಳು ಮಂದಿಯೂ ಬಂದರು.

ಎಂಬತ್ತೊಂದರ ಮಾಡೆಲಿನಲ್ಲಿ ಓಡುವಾಗಲೇ ಬಾಗಿಲ ಚಿಲಕ ಬಿಟ್ಟುಕೊಳ್ಳುವುದು ಕಂಡಿತು. ಈ ಸಲ ಪಂಚಪ್ಪ ಮುಕ್ತಾರನ ಕೈ ಸೋಪಿನಲ್ಲಿ ತೊಳೆಸಿ ಬರೆಸಿದ. ಹನ್ನೊಂದು ಕಾರ್ಡು ಹೋದವು, ನಾಲ್ವರು ಬಂದರು.

"ನಿಮ್ಮ ಶುದ್ಧ ಕನ್ನಡ ಯಾರೂ ಓದಲ್ಲ ಮೇಷ್ಟ್ರೇ. ನನ್ನ ಗ್ರೀಸು ಓದ್ತಾರೆ," ಅಂತ ಮುಕ್ತಾರ್ ಹೊಸ ಕಾರ್ಡುಗಳ ಅಂಚಿಗೆ ಹೆಬ್ಬೆಟ್ಟು ಎಳೆದ. ಎಂಬತ್ತನಾಲ್ಕರ ಮಾಡೆಲಿನ ಸ್ಟೇರಿಂಗಿನ ಪಿನ್ನು ಸವೆಯುತ್ತಿದ್ದಾಗ ಕಾರಣ ಕೇಳುವವರೇ ಇರಲಿಲ್ಲ. ಕರಿ ಕಾರ್ಡು ಬಂತೆಂದರೆ ಕಾರಿನ ಕೀ ಗೂಡಿಗೆ ಹೋಗುತ್ತಿತ್ತು.

ಎಂಬತ್ತೆಂಟರ ಮಾಘದಲ್ಲಿ ಮುಕ್ತಾರ್ ಕಾರಿನ ಕೆಳಗಿಂದ ಎದ್ದು, ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ಅಂದೇ ಮಣ್ಣು ಮಾಡಿದ್ದರಿಂದ ದೂರದವರಿಗೆ ತಿಳಿಸಲಾಗಿರಲಿಲ್ಲ. ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆ ಹತ್ತಿರ ಬಂದಾಗ ಅವನ ಹೆಂಡತಿ ತಾಹೆರಾ ಹೇಳಿದಳು: "ಮೇಷ್ಟ್ರೇ, ಗೋಡೆ ಮೇಲಿರೋರಿಗೆಲ್ಲ ಒಂದೊಂದು ಕಾರ್ಡ್ ಹಾಕಿಬಿಡಿ."

ಪಂಚಪ್ಪ ಬರೆದ. ಎಲ್ಲ ಮುಗಿದ ಮೇಲೆ ಶೆಡ್ಡಿನ ಗ್ರೀಸ್ ಡಬ್ಬಿಗೆ ಹೆಬ್ಬೆರಳು ಅದ್ದಿ, ಒಂದೊಂದರ ಅಂಚಿಗೂ ಎಳೆದ.

ಫಾತೆಹಾದ ದಿನ ಬೆಳಗಿನಿಂದ ಅವನು ರಸ್ತೆಯ ಕಡೆಗೇ ನೋಡುತ್ತಿದ್ದ. ಒಂದೂ ಮಯೂರಿ ಬರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಸರ್ಕಲ್ಲಿನಲ್ಲಿ ಬಸ್ಸು ನಿಂತು, ಜನ ಇಳಿದರು. ಇನ್ನೊಂದು ಬಸ್ಸು, ಇನ್ನಷ್ಟು ಜನ. ಮುಂದೆ ಚಿಕ್ಕಬೈರಪ್ಪ, ಅವನ ಕೈ ಹಿಡಿದು ಹತ್ತು ವರ್ಷದ ಮೊಮ್ಮಗ, ಅಂದಿನ ಆ ಕೂಸು.

"ಬಿಸಿಲಲ್ಲಿ ಬಸ್ಸಲ್ಲಿ ಬಂದ್ರಾ? ಗಾಡಿ ಏನಾಯ್ತು?"

"ಗಾಡಿಗೇನಾಗೈತೆ, ಗುಂಡುಕಲ್ಲಿನಂಗೈತೆ," ಎಂದ ಚಿಕ್ಕಬೈರಪ್ಪ. "ಮುಕ್ತಾರಂದು ಕರಿ ಕಾರ್ಡು ಬಂದಮೇಲೆ ಗಾಡಿ ತೆಗೆಯೋದುಂಟಾ ಮೇಷ್ಟ್ರೇ?"